ಮಿಡ್‌ವೈಫರಿ ವಿದ್ಯಾರ್ಥಿನಿಯ ಕ್ಲಿನಿಕಲ್ ಸಾಮರ್ಥ್ಯ ಅಳೆಯುವುದು ಹೇಗೆ

ಹೆರಿಗೆ ಮಾಡಿಸುವ ಮಿಡ್‌ವೈಫ್ ಆಗಲು ಕಲಿಯುತ್ತಿರುವವಳ ಕೆಲಸದ ದಾಖಲೆ ಪುಸ್ತಕ, ಅಂದರೆ ಲಾಗ್‌ಬುಕ್ ತೆರೆದರೆ ‘ಸಹಜ ಹೆರಿಗೆ ಮಾಡಿಸಿದ್ದು’ ಎಂಬ ಸಾಲು, ಅದರ ಮುಂದೆ ಒಂದು ಸಹಿ. ಇಂಥ ಸಾಲುಗಳು ನಿಗದಿತ ಸಂಖ್ಯೆ ಮುಟ್ಟಿದರೆ ಸಾಕು, ವಿದ್ಯಾರ್ಥಿನಿ ಸಮರ್ಥಳು ಎಂದು ಎಷ್ಟೋ ಕಡೆ ತೀರ್ಮಾನವಾಗಿಬಿಡುತ್ತದೆ. ಆದರೆ ಆ ಸಾಲಿನ ಹಿಂದೆ ಏನು ಬೇಕಾದರೂ ನಡೆದಿರಬಹುದು. ಆಕೆ ಟ್ರೇ ಜೋಡಿಸಿ ಕೊಟ್ಟಿರಬಹುದು. ಸೀನಿಯರ್ ಕೈ ಮೇಲೆ ಕೈಯಿಟ್ಟು ಮಗುವಿನ ತಲೆ ಹಿಡಿದಿರಬಹುದು. ಇಲ್ಲವೇ ನೋವು ಶುರುವಾದಾಗಿನಿಂದ ಮಗು ಮೊದಲ ಹಾಲು ಕುಡಿಯುವವರೆಗೆ ತಾನೇ ನಿಂತು ನೋಡಿಕೊಂಡಿರಬಹುದು. ಮೂರಕ್ಕೂ ಬೀಳುವ ಸಹಿ ಒಂದೇ.

ಎಣಿಕೆಗೆ ತನ್ನದೇ ಆದ ಬೆಲೆ ಇದೆ. ಯುರೋಪಿಯನ್ ಒಕ್ಕೂಟದ 2005ರ ವೃತ್ತಿ ಅರ್ಹತೆಗಳ ನಿರ್ದೇಶನವು ಮಿಡ್‌ವೈಫ್ ಆಗುವವರು ಕನಿಷ್ಠ 40 ಹೆರಿಗೆ ಮಾಡಿಸಿರಬೇಕು, 100 ಗರ್ಭಿಣಿ ತಪಾಸಣೆ ನಡೆಸಿರಬೇಕು, 100 ಬಾಣಂತಿಯರನ್ನೂ ಆರೋಗ್ಯವಂತ ನವಜಾತ ಶಿಶುಗಳನ್ನೂ ನೋಡಿಕೊಂಡಿರಬೇಕು, ಅಪಾಯದ ಲಕ್ಷಣವಿರುವ 40 ಮಂದಿಯ ಆರೈಕೆ ಮಾಡಿರಬೇಕು ಎನ್ನುತ್ತದೆ. ಕಲಿಯಲು ಸಾಕಷ್ಟು ಅವಕಾಶ ಸಿಕ್ಕಿತೇ ಎಂಬುದಕ್ಕೆ ಇವು ಸಾಕ್ಷಿ. ಕಲಿತಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು: ಮೊದಲೇ ಬರೆದಿಟ್ಟ ಅಳತೆಗೋಲು ಹಿಡಿದು ಯಾರಾದರೂ ಕಣ್ಣಾರೆ ನೋಡಿರಬೇಕು, ಅದೂ ಒಂದೇ ಸಲವಲ್ಲ, ಬೇರೆ ಬೇರೆ ತಾಯಂದಿರ ಬಳಿ, ಬೇರೆ ಬೇರೆ ಪರೀಕ್ಷಕರು.

ಲಾಗ್‌ಬುಕ್ಕನ್ನೇ ಸ್ವಲ್ಪ ತಿದ್ದಿದರೂ ಅರ್ಧ ಕೆಲಸ ಆಗುತ್ತದೆ. ‘ಮಾಡಿಸಿದ್ದು’ ಎಂಬ ಒಂದು ಕಾಲಂ ತೆಗೆದು ‘ನೋಡಿದೆ’, ‘ಸಹಾಯ ಮಾಡಿದೆ’, ‘ಕೈಹಿಡಿದು ಮಾಡಿಸಿದರು’, ‘ನಾನೇ ಮಾಡಿದೆ, ಪಕ್ಕದಲ್ಲಿ ಇದ್ದರು’ ಎಂದು ನಾಲ್ಕು ಕಾಲಂ ಮಾಡಿ. ಸಹಿ ಹಾಕುವವರು ಅಂದೇ ಹಾಕಲಿ. ತಿಂಗಳ ಕೊನೆಗೆ ಒಟ್ಟಿಗೆ ಬೀಳುವ ಇಪ್ಪತ್ತು ಸಹಿಗಳಿಗೆ ಮೌಲ್ಯಮಾಪನದಲ್ಲಿ ಯಾವ ತೂಕವೂ ಕೊಡಬೇಡಿ.

ಏನನ್ನು ಅಳೆಯುತ್ತೀರಿ, ಎಲ್ಲಿ ಅಳೆಯುತ್ತೀರಿ

ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟ (ಐಸಿಎಂ) 2019ರಲ್ಲಿ ಪರಿಷ್ಕರಿಸಿದ ಸಾಮರ್ಥ್ಯಗಳ ಚೌಕಟ್ಟಿನಲ್ಲಿ ನಾಲ್ಕು ವಿಭಾಗಗಳಿವೆ: ಎಲ್ಲ ಕೆಲಸಕ್ಕೂ ಅನ್ವಯಿಸುವ ಸಾಮಾನ್ಯ ಸಾಮರ್ಥ್ಯಗಳು, ಗರ್ಭಪೂರ್ವ ಮತ್ತು ಗರ್ಭಿಣಿ ಆರೈಕೆ, ಹೆರಿಗೆ ಸಮಯದ ಆರೈಕೆ, ಹೆರಿಗೆಯ ನಂತರ ತಾಯಿ ಮಗುವಿನ ಆರೈಕೆ. ಈ ನಾಲ್ಕನ್ನು ಒಂದು ಹಾಳೆಯ ಎಡಬದಿಗೆ ಬರೆಯಿರಿ. ಮೇಲುಸಾಲಿಗೆ ಕೈಕೆಲಸ, ನಿರ್ಧಾರ, ಮಾತುಕತೆ, ದಾಖಲೆ, ತುರ್ತು ಸ್ಥಿತಿ ಎಂದು ಬರೆಯಿರಿ. ಸಿಗುವ ಪ್ರತಿ ಚೌಕದಲ್ಲೂ ಅದನ್ನು ಯಾವ ವಿಧಾನದಿಂದ, ಎಷ್ಟು ಸಲ ನೋಡುತ್ತೀರಿ ಎಂದು ತುಂಬಿ. ಇದೇ ಬ್ಲೂಪ್ರಿಂಟ್. ಇದಿಲ್ಲದೆ ಪರೀಕ್ಷೆ ಕಟ್ಟಿದರೆ ನಡೆಸಲು ಸುಲಭವಾದದ್ದೇ ಮತ್ತೆ ಮತ್ತೆ ಬರುತ್ತದೆ. ಪ್ರತಿ ಬ್ಯಾಚಿಗೂ ಹೊಟ್ಟೆ ತಪಾಸಣೆ, ಮಗುವಿನ ಸ್ನಾನ. ಕೆಟ್ಟ ಸುದ್ದಿ ಹೇಳುವುದು, ರೆಫರ್ ಮಾಡುವುದು, ಹಾಲೂಡಿಸಲು ಕಷ್ಟಪಡುತ್ತಿರುವ ತಾಯಿಗೆ ನೆರವಾಗುವುದು ಎಂದೂ ಬರುವುದಿಲ್ಲ.

ವಿಧಾನ ಆರಿಸುವಾಗ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲು ಇಂದಿಗೂ ಸಾಕು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾಳೆ, ದಿನದ ಕೆಲಸದಲ್ಲಿ ಮಾಡುತ್ತಾಳೆ. ಮೊದಲೆರಡಕ್ಕೆ ಲಿಖಿತ ಪರೀಕ್ಷೆ, ವೈವಾ (ಮೌಖಿಕ ಪರೀಕ್ಷೆ). ಮೂರನೆಯದಕ್ಕೆ ಸ್ಟೇಷನ್‌ಗಳ ಪರೀಕ್ಷೆ (ಒಂದೊಂದು ಕಡೆ ಒಂದೊಂದು ಕೆಲಸ ಮಾಡಿ ತೋರಿಸುತ್ತಾ ಮುಂದೆ ಸಾಗುವುದು), ಸಿಮ್ಯುಲೇಷನ್ (ಗೊಂಬೆಯ ಮೇಲೆ ಅಣಕು ಸನ್ನಿವೇಶ). ನಾಲ್ಕನೆಯದಕ್ಕೆ ವಾರ್ಡ್ ಮತ್ತು ಲೇಬರ್ ರೂಮ್ ಬಿಟ್ಟರೆ ಬೇರೆ ಜಾಗವಿಲ್ಲ. ವೈವಾದಲ್ಲಿ ‘ಹೆರಿಗೆಯ ಮೂರನೇ ಹಂತ (ಮಗು ಹುಟ್ಟಿದ ಮೇಲೆ ಮಾಸು ಹೊರಬರುವ ಹಂತ) ಹೇಗೆ ನಿಭಾಯಿಸುತ್ತೀಯ’ ಎಂದು ಕೇಳಿ ಚೆನ್ನಾಗಿ ಉತ್ತರಿಸಿದವಳಿಗೆ ಕ್ಲಿನಿಕಲ್ ಅಂಕ ಕೊಟ್ಟರೆ ಎರಡನೇ ಮೆಟ್ಟಿಲಿನ ಸಾಕ್ಷಿಯನ್ನು ನಾಲ್ಕನೆಯದಕ್ಕೆ ಬಳಸಿದಂತಾಯಿತು. ಈ ತಪ್ಪು ತೀರಾ ಸಾಮಾನ್ಯ.

ಇನ್ನೊಂದು ಹಂಚಿಕೆಯೂ ಮುಖ್ಯ. ಪದೇ ಪದೇ ಸಿಗುವುದನ್ನು ವಾರ್ಡಿನಲ್ಲೇ ನೋಡಿ. ಮಗುವಿನ ಭುಜ ಸಿಕ್ಕಿಕೊಳ್ಳುವುದು, ಎಕ್ಲಾಂಪ್ಸಿಯಾ (ರಕ್ತದೊತ್ತಡ ಏರಿ ತಾಯಿಗೆ ಬರುವ ಸೆಳವು), ತೀವ್ರ ರಕ್ತಸ್ರಾವ, ಉಸಿರಾಡದ ಮಗು ಇವೆಲ್ಲ ಪರೀಕ್ಷೆಯ ದಿನ ಬರುತ್ತವೆಂದು ಕಾಯಲಾಗದು. ಬಂದರೂ ಆ ಹೊತ್ತಿಗೆ ವಿದ್ಯಾರ್ಥಿನಿಗೆ ಬಿಟ್ಟುಕೊಡಲಾಗದು. ಅವು ಸಿಮ್ಯುಲೇಷನ್ನಿಗೆ ಸೇರಿದವು.

ಮಾನದಂಡ ಬರೆಯುವುದು

‘ಮಗುವಿನ ಹೃದಯ ಬಡಿತ ಸರಿಯಾಗಿ ಆಲಿಸುತ್ತಾಳೆ’ ಎಂಬ ಸಾಲಿಗೆ ಹತ್ತು ಪರೀಕ್ಷಕರು ಹತ್ತು ಅರ್ಥ ಮಾಡುತ್ತಾರೆ. ಅದನ್ನೇ ಕಣ್ಣಿಗೆ ಕಾಣುವಂತೆ ಬಿಡಿಸಿ ಬರೆದರೆ ಹೀಗಿರುತ್ತದೆ:

- ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆ ಎಂದು ಗುರುತಿಸಿದ ಮೇಲೆಯೇ ಬಡಿತ ಕೇಳುವ ಉಪಕರಣವಾದ ಡಾಪ್ಲರ್ ಅಥವಾ ಫೀಟೋಸ್ಕೋಪ್ ಇಡುತ್ತಾಳೆ.
- ಅದೇ ಹೊತ್ತಿಗೆ ತಾಯಿಯ ನಾಡಿ ಹಿಡಿದು, ಕೇಳುತ್ತಿರುವುದು ತಾಯಿಯ ಬಡಿತವಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾಳೆ.
- ನೋವು ಬಂದಿರುವಾಗ ಶುರುಮಾಡಿ, ಅದು ಇಳಿದ ಮೇಲೂ ಕನಿಷ್ಠ 30 ಸೆಕೆಂಡ್ ಕೇಳುತ್ತಾಳೆ. ಒಟ್ಟು ಒಂದು ನಿಮಿಷಕ್ಕೆ ಕಡಿಮೆ ಇಲ್ಲ.
- ಬಡಿತ ನಿಮಿಷಕ್ಕೆ 110ರಿಂದ 160ರ ಹೊರಗೆ ಹೋದರೆ ಕನಿಷ್ಠ ಮೂರು ನೋವುಗಳ ಉದ್ದಕ್ಕೂ ಆಲಿಸುತ್ತಾಳೆ.
- ಹಾಗಾದಾಗ ಸೀನಿಯರ್‌ಗೆ ತಿಳಿಸುತ್ತಾಳೆ.
- ಅಂಕಿಯನ್ನು ಆಗಲೇ ಚಾರ್ಟಿನಲ್ಲಿ ಬರೆಯುತ್ತಾಳೆ.
- ಅದನ್ನು ತಾಯಿಗೆ ಅರ್ಥವಾಗುವಂತೆ ಹೇಳುತ್ತಾಳೆ.

ಪ್ರತಿ ಸಾಲಿನಲ್ಲೂ ಒಂದೇ ಕ್ರಿಯೆ ಇರಲಿ. ‘ಕೈ ತೊಳೆದು ಗ್ಲೌಸ್ ಹಾಕಿ ಅನುಮತಿ ಕೇಳುತ್ತಾಳೆ’ ಎಂದು ಬರೆದರೆ, ಎರಡು ಮಾಡಿ ಒಂದು ಬಿಟ್ಟವಳಿಗೆ ಗುರುತು ಹಾಕುವುದೆಲ್ಲಿ? ಅಳೆಯಬಹುದಾದಲ್ಲಿ ಅಂಕಿ ಕೊಡಿ: ಸೋಪು ನೀರಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್, ಆಲ್ಕೋಹಾಲ್ ರಬ್ ಆದರೆ 20ರಿಂದ 30. ‘ಚೆನ್ನಾಗಿ’, ‘ಸೂಕ್ತವಾಗಿ’, ‘ಆತ್ಮವಿಶ್ವಾಸದಿಂದ’ ಎಂಬ ಪದಗಳು ಕಂಡಲ್ಲೆಲ್ಲ ಹೊಡೆದುಹಾಕಿ. ಆತ್ಮವಿಶ್ವಾಸವಂತೂ ಮೋಸದ ಗುರುತು; ತಪ್ಪನ್ನು ಧೈರ್ಯವಾಗಿ ಮಾಡುವವಳಿಗೆ ಅಂಕ ಹೋಗಿ, ಸರಿಯಾದದ್ದನ್ನು ಅಂಜುತ್ತಾ ಮಾಡುವವಳಿಗೆ ತಪ್ಪಿಹೋಗುತ್ತದೆ.

ಒಂದು ಚೆಕ್‌ಲಿಸ್ಟಿಗೆ 10ರಿಂದ 20 ಸಾಲು ಸಾಕು. ಅದಕ್ಕಿಂತ ಉದ್ದವಾದರೆ ಪರೀಕ್ಷಕರ ಕಣ್ಣು ಕಾಗದದ ಮೇಲೆಯೇ ಇರುತ್ತದೆ, ವಿದ್ಯಾರ್ಥಿನಿಯ ಕೈ ಮೇಲೆ ಇರುವುದಿಲ್ಲ. ಕೆಳಗೆ ಒಟ್ಟಾರೆ ಅಭಿಪ್ರಾಯಕ್ಕೊಂದು ಪ್ರತ್ಯೇಕ ಸಾಲು ಬಿಡಿ: ‘ಸ್ಪಷ್ಟವಾಗಿ ಅನುತ್ತೀರ್ಣ, ಗಡಿಯಲ್ಲಿ, ಉತ್ತೀರ್ಣ, ಉತ್ತಮ’. ಚೆಕ್‌ಲಿಸ್ಟ್ ಎಣಿಸುವುದು ಮಾಡಿದ ಕೆಲಸಗಳನ್ನು. ಕ್ರಮ, ಆದ್ಯತೆ, ತಾಯಿಯ ಮುಖ ನೋಡಿ ಕೈ ನಿಧಾನಿಸುವ ಎಚ್ಚರ ಅದಕ್ಕೆ ಸಿಗುವುದಿಲ್ಲ. ಅನುಭವಿ ಪರೀಕ್ಷಕರ ಒಟ್ಟಾರೆ ಅಭಿಪ್ರಾಯಕ್ಕೆ ಸಿಗುತ್ತದೆ.

ತಾಯಿ ಮಗುವಿಗೆ ಹಾನಿಯಾಗುವ ಕೆಲವು ತಪ್ಪುಗಳನ್ನು ‘ನಿರ್ಣಾಯಕ’ ಎಂದು ಗುರುತಿಸಿ. ಅವು ತಪ್ಪಿದರೆ ಉಳಿದ ಅಂಕ ಎಷ್ಟಿದ್ದರೂ ಆ ಕೌಶಲ ಅನುತ್ತೀರ್ಣ. ಮೂರನೇ ಹಂತದಲ್ಲಿ ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲ ಎಂದು ನೋಡದೆ ಗರ್ಭಕೋಶ ಸಂಕುಚಿಸುವ ಆಕ್ಸಿಟೋಸಿನ್ ಔಷಧಿ ಕೊಡುವುದು, ಗರ್ಭಕೋಶ ಗಟ್ಟಿಯಾಗುವ ಮುನ್ನ ಅಥವಾ ಮೇಲಿನಿಂದ ಕೈ ಆಧಾರ ಕೊಡದೆ ಹೊಕ್ಕುಳಬಳ್ಳಿ ಎಳೆಯುವುದು, ಮಾಸು ಪೂರ್ತಿ ಬಂದಿದೆಯೇ ಎಂದು ಪರೀಕ್ಷಿಸದಿರುವುದು ಇಂಥವು. ಆದರೆ ಒಂದು ಚೆಕ್‌ಲಿಸ್ಟಿಗೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ಎಲ್ಲವೂ ನಿರ್ಣಾಯಕವಾದರೆ ಸಮರ್ಥಳೂ ಗಡಿಬಿಡಿಯಲ್ಲಿ ಒಂದು ಬಿಟ್ಟು ನಪಾಸಾಗುತ್ತಾಳೆ, ಆಮೇಲೆ ಪರೀಕ್ಷಕರೇ ಕಣ್ಣು ಮುಚ್ಚಿಕೊಂಡು ಗುರುತು ಹಾಕಲು ಶುರುಮಾಡುತ್ತಾರೆ.

ವಾರ್ಡಿನಲ್ಲಿ ನೋಡುವಾಗ

ಮೊದಲು ತಾಯಿಯ ಒಪ್ಪಿಗೆ. ವಿದ್ಯಾರ್ಥಿನಿ ಇಲ್ಲದಿರುವಾಗ ಕೇಳಿ, ನೋವಿನ ನಡುವೆ ಕೇಳಬೇಡಿ, ಬೇಡವೆಂದರೂ ಆರೈಕೆ ಬದಲಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಆಮೇಲೆ ವಿದ್ಯಾರ್ಥಿನಿಯೊಂದಿಗೆ ಎರಡು ನಿಮಿಷ: ಇಂದು ಏನನ್ನು ನೋಡುತ್ತೇನೆ, ಯಾವಾಗ ನಾನು ಕೈಹಾಕುತ್ತೇನೆ. ಕೈಹಾಕುವ ಮಾತು ಮೊದಲೇ ಗೊತ್ತಿರಲಿ. ‘ಈಗ ನಾನು ನೋಡಿಕೊಳ್ಳುತ್ತೇನೆ’ ಎಂದಾಕ್ಷಣ ಆಕೆ ಪಕ್ಕಕ್ಕೆ ಸರಿಯಬೇಕು, ವಾದವಿಲ್ಲ. ಪರೀಕ್ಷೆ ಪೂರ್ಣವಾಗಲಿ ಎಂದು ತಾಯಿಯ ಅಪಾಯವನ್ನು ಅರೆನಿಮಿಷವೂ ಸಹಿಸುವಂತಿಲ್ಲ.

ನಿಲ್ಲುವ ಜಾಗ ಆಕೆಯ ಕೈ ಕಾಣುವಂತಿರಲಿ, ನಿಮ್ಮ ಮುಖ ಆಕೆಗೆ ಕಾಣದಂತಿರಲಿ. ಪರೀಕ್ಷಕರ ತಲೆಯಾಡಿಕೆ, ಹುಬ್ಬೇರಿಕೆ ಎಲ್ಲವೂ ಸುಳಿವೇ. ಸುಳಿವು ಕೊಟ್ಟಿದ್ದರೆ ಅದನ್ನು ಬರೆದಿಡಿ; ಮುಂದೆ ಹೇಳುವ ದರ್ಜೆ ಅದರ ಮೇಲೆಯೇ ನಿಂತಿದೆ.

ಆಕೆಗೆ ಸಿಕ್ಕ ಉತ್ತರ ಸರಿಯೇ ಎಂದು ನಿಮಗೂ ಗೊತ್ತಿರಬೇಕಲ್ಲ? ಇಲ್ಲಿ ಕೌಶಲಕ್ಕೊಂದು ಉಪಾಯವಿದೆ. ರಕ್ತದೊತ್ತಡಕ್ಕೆ ಎರಡು ಜೊತೆ ಕಿವಿತುದಿ ಇರುವ ಬೋಧನಾ ಸ್ಟೆತಸ್ಕೋಪ್ ಬಳಸಿ. ಇಬ್ಬರೂ ಒಂದೇ ಶಬ್ದ ಕೇಳಿ, ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಆಕೆಯ ಹಿಂದಿನ ಇಪ್ಪತ್ತು ದಾಖಲೆಗಳ ಕೊನೆಯ ಅಂಕಿಯನ್ನೂ ನೋಡಿ: ಪಾದರಸದ ಅಥವಾ ಡಯಲ್ ಉಪಕರಣದಲ್ಲಿ ಎಲ್ಲವೂ 110/70, 120/80 ಎಂದೇ ಇದ್ದರೆ ಆಕೆ ಗಾಳಿ ಬೇಗ ಬಿಡುತ್ತಿದ್ದಾಳೆ ಅಥವಾ ಅಂದಾಜು ಬರೆಯುತ್ತಿದ್ದಾಳೆ. ಸೆಕೆಂಡಿಗೆ 2 ಮಿಲಿಮೀಟರ್‌ನಷ್ಟು ನಿಧಾನವಾಗಿ ಇಳಿಸಿದವಳ ದಾಖಲೆಯಲ್ಲಿ 114, 76, 82 ಇವೂ ಬರುತ್ತವೆ. ಹೊಟ್ಟೆಯ ಎತ್ತರ ಅಳೆಯುವಾಗ ಟೇಪಿನ ಅಂಕಿ ಕೆಳಮುಖವಾಗಿರಲಿ, ಅಳೆದ ಮೇಲೆ ತಿರುಗಿಸಿ ಓದಲಿ. ಎಷ್ಟು ವಾರವೋ ಸುಮಾರು ಅಷ್ಟೇ ಸೆಂಟಿಮೀಟರ್ ಎಂದು ಆಕೆಗೆ ಗೊತ್ತು; ಅಂಕಿ ಕಾಣುತ್ತಿದ್ದರೆ 30 ವಾರದ ಗರ್ಭಿಣಿಯ ಹೊಟ್ಟೆ ಯಾವಾಗಲೂ 30 ಸೆಂಟಿಮೀಟರೇ ಬರುತ್ತದೆ. ನಿಮ್ಮ ಅಳತೆಗೂ ಆಕೆಯದಕ್ಕೂ 2 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಂಕ ಕಡಿಯುವ ಮೊದಲು ಕಾರಣ ಹುಡುಕಿ: ಮೂತ್ರಕೋಶ ತುಂಬಿತ್ತೇ, ಗರ್ಭಕೋಶದ ಮೇಲ್ತುದಿ ಗುರುತಿಸುವುದರಲ್ಲಿ ತಪ್ಪಿತೇ, ಕೆಳಗೆ ಪ್ಯೂಬಿಕ್ ಮೂಳೆಯ ಅಂಚು ಬಿಟ್ಟು ಬೇರೆಡೆ ಟೇಪ್ ಇಟ್ಟಳೇ. ಹೊಟ್ಟೆ ಮುಟ್ಟಿ ಮಗುವಿನ ಸ್ಥಿತಿ ಹೇಳುವುದಾದರೆ ನೀವು ಮೊದಲೇ ನೋಡಿ, ಬರೆದು, ಮಡಚಿ ಜೇಬಿನಲ್ಲಿಟ್ಟುಕೊಂಡಿರಿ.

ಯೋನಿ ಪರೀಕ್ಷೆಯ ವಿಷಯದಲ್ಲಿ ಮಾತ್ರ ಈ ‘ಇಬ್ಬರೂ ನೋಡೋಣ’ ಎಂಬುದು ನಡೆಯಬಾರದು. ಸಹಜವಾಗಿ ಸಾಗುತ್ತಿರುವ ಹೆರಿಗೆಯ ಮೊದಲ ಹಂತದಲ್ಲಿ (ಗರ್ಭಕಂಠ ಪೂರ್ತಿ ತೆರೆಯುವವರೆಗೆ) ನಾಲ್ಕು ಗಂಟೆಗೊಮ್ಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವಾಗ, ಅಂಕ ಕೊಡಲೆಂದು ಇನ್ನೊಮ್ಮೆ ಬೆರಳು ಹಾಕುವುದು ನೋವೂ ಹೌದು, ಸೋಂಕಿನ ಅಪಾಯವೂ ಹೌದು, ತಾಯಿಯ ದೇಹಕ್ಕೆ ತೋರುವ ಅಗೌರವವೂ ಹೌದು. ಗರ್ಭಕಂಠ ಎಷ್ಟು ತೆರೆದಿದೆ ಎಂಬ ಬೆರಳಿನ ಅಂದಾಜನ್ನು ಮಾದರಿಗಳ ಮೇಲೆ ಅಳೆಯಿರಿ: 3ರಿಂದ 10 ಸೆಂಟಿಮೀಟರ್ ತೆರೆದ ಗರ್ಭಕಂಠದ ಮಾದರಿಗಳನ್ನು ಬಟ್ಟೆಯಡಿ ಇಟ್ಟು, ಕ್ರಮ ತಪ್ಪಿಸಿ, ಹತ್ತು ಸಲ ಕೇಳಿ. ಲೇಬರ್ ರೂಮಿನಲ್ಲಿ ಅನುಮತಿ, ಮರೆ, ಶುಚಿತ್ವ, ಮಾತು, ದಾಖಲೆ ಇವಕ್ಕೆ ಅಂಕ ಕೊಡಿ. ಆಕೆಯ ಅಂದಾಜನ್ನು ಸೀನಿಯರ್ ಖಚಿತಪಡಿಸಿಕೊಳ್ಳಲೇಬೇಕಾದ ಹೊತ್ತು ಬಂದಾಗ, ತಾಯಿ ಒಪ್ಪಿದರೆ, ಅದನ್ನು ಹೋಲಿಕೆಗೆ ಬಳಸಿಕೊಳ್ಳಬಹುದು.

ಚಾರ್ಟ್ ಓದಿದರೆ ವಿದ್ಯಾರ್ಥಿನಿ ಕಾಣುತ್ತಾಳೆ

ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಹೊರತಂದ ‘ಲೇಬರ್ ಕೇರ್ ಗೈಡ್’, ಹೆರಿಗೆಯ ಪ್ರಗತಿ ದಾಖಲಿಸುವ ಹಳೆಯ ಚಾರ್ಟ್ ಆದ ಪಾರ್ಟೋಗ್ರಾಫಿನ ಜಾಗಕ್ಕೆ ಬರುತ್ತಿದೆ. ಇದರಲ್ಲಿ ಹೆರಿಗೆಯ ಸಕ್ರಿಯ ಹಂತ ಶುರುವಾಗುವುದು ಗರ್ಭಕಂಠ 5 ಸೆಂಟಿಮೀಟರ್ ತೆರೆದಾಗ. ಮಗುವಿನ ಬಡಿತ ಮೊದಲ ಹಂತದಲ್ಲಿ 30 ನಿಮಿಷಕ್ಕೊಮ್ಮೆ, ಎರಡನೇ ಹಂತದಲ್ಲಿ (ಪೂರ್ತಿ ತೆರೆದಾಗಿನಿಂದ ಮಗು ಹುಟ್ಟುವವರೆಗೆ) 5 ನಿಮಿಷಕ್ಕೊಮ್ಮೆ ಆಲಿಸಬೇಕು. ಗಂಟೆಗೆ 1 ಸೆಂಟಿಮೀಟರ್ ಎಂಬ ಹಳೆಯ ಗೆರೆ ಇಲ್ಲ. ಬದಲಿಗೆ ಪ್ರತಿ ಸೆಂಟಿಮೀಟರಿಗೂ ಬೇರೆ ಬೇರೆ ಕಾಲಮಿತಿ: 5ರಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3 ಗಂಟೆ, 8ರಲ್ಲಿ ಎರಡೂವರೆ, 9ರಲ್ಲಿ 2 ಗಂಟೆ. ಮಿತಿ ಮುಟ್ಟಿದ ಅಂಕಿಗೆ ವೃತ್ತ ಹಾಕಬೇಕು. ಹಳೆಯ ಪಾರ್ಟೋಗ್ರಾಫ್ ಕಲಿತ ಪರೀಕ್ಷಕರು 4 ಸೆಂಟಿಮೀಟರ್‌ನಿಂದ ಎಣಿಸಿ ವಿದ್ಯಾರ್ಥಿನಿಗೆ ತಪ್ಪು ಹಾಕುವುದುಂಟು. ಮೊದಲು ನೀವು ಹೊಸ ಚಾರ್ಟಿನಲ್ಲಿ ಕೈ ಕುದುರಿಸಿಕೊಳ್ಳಿ.

ಅಂಕ ಎಲ್ಲಿ ಹೋಗಬೇಕು? ಚಾರ್ಟಿನ ಕೆಳಗಿರುವ ‘ಅಂದಾಜು’ ಮತ್ತು ‘ಯೋಜನೆ’ ಎಂಬ ಸಾಲುಗಳಿಗೆ. ಬಡಿತ 165 ಎಂದು ಬರೆದು, ನೀಟಾಗಿ ವೃತ್ತ ಹಾಕಿ, ಕೆಳಗೆ ಏನೂ ಬರೆಯದೆ ಮುಂದಿನ ಅರ್ಧ ಗಂಟೆಗೆ ಹೋದವಳು ಚಾರ್ಟ್ ತುಂಬಲು ಕಲಿತಿದ್ದಾಳೆ, ಬಳಸಲು ಕಲಿತಿಲ್ಲ. ಅಂಥಲ್ಲಿ ಪಕ್ಕಕ್ಕೆ ಕರೆದು ಮೂರು ಪ್ರಶ್ನೆ ಕೇಳಿ: ಇದು ಯಾಕೆ ಹೀಗಿರಬಹುದು, ಈಗ ಏನು ಮಾಡುತ್ತೀಯ, ಯಾವಾಗ ಯಾರಿಗೆ ಹೇಳುತ್ತೀಯ. ತಾಯಿಯ ಜ್ವರ, ನೀರಿನ ಕೊರತೆ, ಮಲಗಿದ ಭಂಗಿ ಇವುಗಳತ್ತ ಆಕೆಯ ಗಮನ ತಾನಾಗಿಯೇ ಹೋಗಬೇಕು.

ಆಮೇಲೆ ಕೂತು ತುಂಬಿದ ಚಾರ್ಟನ್ನು ಹಿಡಿಯುವುದು ಕಷ್ಟವಲ್ಲ. ಎಂಟು ಗಂಟೆಯ ಉದ್ದಕ್ಕೂ ಒಂದೇ ಶಾಯಿ, ಒಂದೇ ಒತ್ತು. ಬಡಿತ 140, 142, 140, 142. ಊಟದ ಹೊತ್ತಿನಲ್ಲೂ, ಪಾಳಿ ಬದಲಾಗುವಾಗಲೂ ಒಂದು ನಿಮಿಷ ಆಚೀಚೆ ಇಲ್ಲ. ಪಾಳಿಯ ನಡುವೆ ಹೇಳದೆ ಹೋಗಿ ಚಾರ್ಟಿನ ಫೋಟೊ ತೆಗೆದಿಟ್ಟುಕೊಂಡು, ಕೊನೆಯಲ್ಲಿ ಹೋಲಿಸಿ ನೋಡಿ. ಫೋಟೊದಲ್ಲಿ ತಾಯಿಯ ಹೆಸರು, ನೋಂದಣಿ ಸಂಖ್ಯೆ ಬರಬಾರದು. ಸುಳ್ಳು ದಾಖಲೆಯನ್ನು ಕೌಶಲದ ಕೊರತೆ ಎಂದು ಪರಿಗಣಿಸಬೇಡಿ. ಅದು ನಡತೆಯ ಪ್ರಶ್ನೆ. ಅದಕ್ಕೆ ಬೇರೆ ವಿಚಾರಣೆ ಬೇಕು.

ಸ್ಟೇಷನ್‌ಗಳ ಪರೀಕ್ಷೆ

ಎಲ್ಲರೂ ಆಸ್ಕಿ ಎಂದು ಕರೆಯುವ ಓಎಸ್‌ಸಿಇ (ಆಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್) ವಿಧಾನವನ್ನು ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಮುಂದಿಟ್ಟರು. ಎಲ್ಲ ವಿದ್ಯಾರ್ಥಿನಿಯರೂ ಒಂದೇ ಪ್ರಶ್ನೆ, ಒಂದೇ ಸಮಯ, ಒಂದೇ ಚೆಕ್‌ಲಿಸ್ಟ್ ಎದುರಿಸುತ್ತಾರೆ ಎಂಬುದೇ ಇದರ ಬಲ. ಫಲಿತಾಂಶ ನಂಬುವಂತಾಗಬೇಕಾದರೆ ಸ್ಟೇಷನ್‌ಗಳ ಸಂಖ್ಯೆ ಹೆಚ್ಚಿಸಿ. ಒಂದು ಸ್ಟೇಷನ್‌ನಲ್ಲಿ ಚೆನ್ನಾಗಿ ಮಾಡಿದವಳು ಇನ್ನೊಂದರಲ್ಲಿ ಎಡವುವುದು ಸಾಮಾನ್ಯ. ಹಾಗಾಗಿ ಐದು ಸ್ಟೇಷನ್‌ಗೆ ಇಬ್ಬಿಬ್ಬರು ಪರೀಕ್ಷಕರನ್ನು ಕೂರಿಸುವುದಕ್ಕಿಂತ ಹತ್ತು ಸ್ಟೇಷನ್‌ಗೆ ಒಬ್ಬೊಬ್ಬರನ್ನು ಕೂರಿಸುವುದು ಲೇಸು. ಒಂದೊಂದಕ್ಕೆ 8ರಿಂದ 10 ನಿಮಿಷ, ಬಾಗಿಲಲ್ಲಿ ಪ್ರಶ್ನೆ ಓದಿಕೊಳ್ಳಲು 1 ನಿಮಿಷ. ಹೊಲಿಗೆ ಹಾಕುವಂಥ ಕೆಲಸಕ್ಕೆ ಇದು ಸಾಲದು, ಅದನ್ನು ಬೇರೆಯಾಗಿ ನೋಡಿ.

ಹೆರಿಗೆಯ ನಂತರದ ರಕ್ತಸ್ರಾವದ ಸ್ಟೇಷನ್ ಕಟ್ಟುವ ಬಗೆ ಹೀಗೆ. ಮ್ಯಾನಿಕಿನ್ (ಅಭ್ಯಾಸದ ಗೊಂಬೆ), ಅದರ ಪಕ್ಕ ತಾಯಿಯ ಪಾತ್ರದಲ್ಲಿ ಮಾತಾಡುವ ಒಬ್ಬರು, ಸಹಾಯಕಿಯಾಗಿ ಒಬ್ಬರು. ಕೆಂಪು ಬಣ್ಣದ ನೀರನ್ನು ಅಳೆದು ಮೊದಲೇ ಇಡಿ: ಪ್ಯಾಡ್ ಮತ್ತು ಬಟ್ಟೆಯಲ್ಲಿ 300 ಮಿಲಿಲೀಟರ್, ಅಳತೆ ಗೆರೆಗಳಿರುವ ಡ್ರೇಪ್‌ನಲ್ಲಿ (ರಕ್ತ ಸಂಗ್ರಹಿಸುವ ಹಾಳೆಚೀಲ) ಮತ್ತೆ 300. ಕಣ್ಣಂದಾಜಿನಲ್ಲಿ ರಕ್ತ ಯಾವಾಗಲೂ ಕಡಿಮೆ ಕಾಣುತ್ತದೆ, ಅದರಲ್ಲೂ ಹೆಚ್ಚು ಹೋದಾಗ. ಒಟ್ಟು ಎಷ್ಟು ಎಂದು ಆಕೆ ಹೇಳುವ ಅಂಕಿಗೇ ಒಂದು ಸಾಲು ಇಡಿ. ಕೇಸ್ ಶೀಟಿನಲ್ಲಿ ರಕ್ತದೊತ್ತಡ 150/100 ಎಂದು ಬರೆದಿರಲಿ, ಔಷಧಿ ಟ್ರೇಯಲ್ಲಿ ಆಕ್ಸಿಟೋಸಿನ್ ಜೊತೆ ಗರ್ಭಕೋಶ ಸಂಕುಚಿಸುವ ಇನ್ನೊಂದು ಔಷಧಿ ಮೆಥೈಲ್‌ಎರ್ಗೊಮೆಟ್ರಿನ್ ಕೂಡ ಇರಲಿ. ಶೀಟ್ ಓದದೆ ಎರಡನೆಯದನ್ನು ಎತ್ತಿಕೊಂಡರೆ ಅದು ನಿರ್ಣಾಯಕ ತಪ್ಪು, ಒತ್ತಡ ಹೆಚ್ಚಿರುವ ತಾಯಿಗೆ ಅದು ಕೊಡುವಂತಿಲ್ಲ.

ಗಡಿಯಾರ ಶುರುವಾದ ಮೇಲೆ ಸಹಾಯಕಿ ತಾನಾಗಿ ಏನೂ ಹೇಳಬಾರದು, ಕೇಳಿದ್ದಕ್ಕೆ ಮಾತ್ರ ಉತ್ತರ. 2ನೇ ನಿಮಿಷಕ್ಕೆ ತಾಯಿ ‘ತಲೆ ಸುತ್ತುತ್ತಿದೆ’ ಎನ್ನಲಿ. 2023ರಲ್ಲಿ ಫಲಿತಾಂಶ ಪ್ರಕಟವಾದ ಇ-ಮೋಟಿವ್ ಅಧ್ಯಯನದ ನಂತರ ಬಳಕೆಗೆ ಬರುತ್ತಿರುವ ಕ್ರಮವನ್ನೇ ಚೆಕ್‌ಲಿಸ್ಟಿನ ಬೆನ್ನೆಲುಬು ಮಾಡಿಕೊಳ್ಳಬಹುದು: ಬೇಗ ಗುರುತಿಸುವುದು, ಗರ್ಭಕೋಶ ಉಜ್ಜುವುದು, ಅದನ್ನು ಸಂಕುಚಿಸುವ ಔಷಧಿ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ರಕ್ತನಾಳದ ಮೂಲಕ ದ್ರವ, ಕಾರಣ ಹುಡುಕಿ ಪರೀಕ್ಷಿಸುವುದು, ಮೇಲಿನವರಿಗೆ ತಿಳಿಸುವುದು. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, 10 ನಿಮಿಷದಲ್ಲಿ ನಿಧಾನವಾಗಿ, ಹೆರಿಗೆಯಾಗಿ 3 ಗಂಟೆಯೊಳಗೆ. ಸಹಾಯಕ್ಕೆ ಕೂಗಿದ್ದು ಯಾವ ನಿಮಿಷಕ್ಕೆ, ಔಷಧಿ ಕೊಟ್ಟಿದ್ದು ಯಾವ ನಿಮಿಷಕ್ಕೆ ಎಂದು ಬರೆಯಲು ಜಾಗ ಬಿಡಿ. ಎಲ್ಲವನ್ನೂ ಮಾಡಿ ಏಳನೇ ನಿಮಿಷಕ್ಕೆ ಸಹಾಯ ಕರೆದವಳೂ ಮೊದಲ ನಿಮಿಷಕ್ಕೆ ಕರೆದವಳೂ ಸಮಾನರಲ್ಲ.

ಉಸಿರಾಡದ ಮಗುವಿನ ಸ್ಟೇಷನ್‌ನಲ್ಲಿ ಸ್ಟಾಪ್‌ವಾಚ್ ಮಗು ಹೊರಬಂದ ಕ್ಷಣಕ್ಕೆ ಶುರು. ಒರೆಸಿ, ಬೆನ್ನು ಸವರಿ, ಉಸಿರಿಲ್ಲವೆಂದು ಕಂಡರೆ ಒಂದು ನಿಮಿಷದೊಳಗೆ ಬ್ಯಾಗ್ ಮಾಸ್ಕ್ ಶುರುವಾಗಬೇಕು. ನಿಮಿಷಕ್ಕೆ 40ರ ಆಸುಪಾಸು. ನೋಡಬೇಕಾದ್ದು ಆಕೆಯ ಕಣ್ಣು ಎಲ್ಲಿದೆ ಎಂದು. ಎದೆ ಏಳುತ್ತಿದೆಯೇ ಎಂದು ನೋಡುತ್ತಿದ್ದಾಳೋ, ಬ್ಯಾಗ್ ನೋಡುತ್ತಿದ್ದಾಳೋ? ಗಾಳಿ ಸೋರುವ ಹಾಗೆ ದೊಡ್ಡ ಮಾಸ್ಕ್ ಒಂದನ್ನು ಟ್ರೇಯಲ್ಲಿ ಬೇಕೆಂದೇ ಇಡಿ. ಎದೆ ಏಳದಿದ್ದಾಗ ಮಾಸ್ಕ್ ಸರಿಪಡಿಸಿ, ತಲೆಯ ಭಂಗಿ ನೋಡಿ, ಬಾಯಿ ಶುಚಿ ಮಾಡಿ, ಒತ್ತಡ ಹೆಚ್ಚಿಸುವ ತನಕ ಬರುತ್ತಾಳೋ ಅಥವಾ ಅದೇ ಲಯದಲ್ಲಿ ಒತ್ತುತ್ತಲೇ ಹೋಗುತ್ತಾಳೋ, ಅಲ್ಲೇ ಸಾಮರ್ಥ್ಯ ಬಯಲಾಗುತ್ತದೆ.

ಸ್ಟೇಷನ್ ಯಾವುದಾದರೂ ಒಂದು ನಿಯಮ ಗಟ್ಟಿಯಾಗಿರಲಿ: ‘ನಾನು ನಾಡಿ ನೋಡುತ್ತೇನೆ’ ಎಂದು ಬಾಯಲ್ಲಿ ಹೇಳಿದ್ದಕ್ಕೆ ಅಂಕವಿಲ್ಲ, ಕೈಯಿಂದ ನೋಡಬೇಕು. ಗೊಂಬೆಯ ಮೇಲೆ ಮಾಡಲಾಗದ ಕೆಲಸಗಳನ್ನು ಮಾತ್ರ ಹೇಳಬಹುದೆಂದು ಪ್ರಶ್ನೆಪತ್ರದಲ್ಲೇ ಬರೆಯಿರಿ.

ಪಾಸ್ ಅಂಕವನ್ನು ಎಲ್ಲ ಸ್ಟೇಷನ್‌ಗೂ ಕಣ್ಣುಮುಚ್ಚಿ 50 ಎಂದು ಇಡಬೇಡಿ, ಸ್ಟೇಷನ್‌ಗಳ ಕಷ್ಟ ಒಂದೇ ಅಲ್ಲ. ಬ್ಯಾಚ್ ಚಿಕ್ಕದಾದರೆ ಆಂಗಾಫ್ ವಿಧಾನ: ಐದಾರು ಅನುಭವಿಗಳು ಪ್ರತಿ ಸಾಲಿಗೂ ‘ಗಡಿಯಲ್ಲಿರುವ ನೂರು ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಇದನ್ನು ಮಾಡಿಯಾರು’ ಎಂದು ಅಂದಾಜಿಸಿ, ಸರಾಸರಿ ತೆಗೆಯುವುದು. ದೊಡ್ಡ ಬ್ಯಾಚಿಗೆ ಚೆಕ್‌ಲಿಸ್ಟ್ ಅಂಕ ಮತ್ತು ಒಟ್ಟಾರೆ ಅಭಿಪ್ರಾಯಗಳ ನಡುವೆ ಗೆರೆ ಎಳೆದು, ‘ಗಡಿಯಲ್ಲಿ’ ಎಂಬುದಕ್ಕೆ ಎಷ್ಟು ಅಂಕ ಬರುತ್ತದೋ ಅದನ್ನೇ ಪಾಸ್ ಅಂಕ ಮಾಡುವುದು.

ದರ್ಜೆ ಕೊಡುವುದು

ವಾರ್ಡಿನ ಕೆಲಸಕ್ಕೆ ನೂರಕ್ಕೆ ಎಷ್ಟು ಎಂಬ ಅಂಕಕ್ಕಿಂತ ಎಷ್ಟು ಆಸರೆ ಬೇಕಾಯಿತು ಎಂಬ ದರ್ಜೆ ಹೆಚ್ಚು ಹೇಳುತ್ತದೆ. ಕ್ಯಾಥ್ಲೀನ್ ಬಾಂಡಿ 1983ರಲ್ಲಿ ಪ್ರಕಟಿಸಿದ ಐದು ದರ್ಜೆಗಳ ಅಳತೆ ಇದನ್ನೇ ಮಾಡುತ್ತದೆ: ಸ್ವತಂತ್ರವಾಗಿ, ಮೇಲ್ವಿಚಾರಣೆಯಲ್ಲಿ, ಸಹಾಯದೊಂದಿಗೆ, ಅಲ್ಪಸ್ವಲ್ಪ, ಪೂರ್ತಿ ಅವಲಂಬಿತಳಾಗಿ. ದರ್ಜೆ ನಿರ್ಧರಿಸಲು ಸುಳಿವುಗಳನ್ನು ಎಣಿಸಿ, ಅದರಲ್ಲೂ ಬಾಯಿಮಾತಿನ ಸುಳಿವು ಬೇರೆ, ಕೈಹಾಕಿ ತಿದ್ದಿದ್ದು ಬೇರೆ. ಗೊಂದಲವಾದರೆ ನಿಮ್ಮನ್ನೇ ಕೇಳಿಕೊಳ್ಳಿ: ಮುಂದಿನ ಹೆರಿಗೆಯಲ್ಲಿ ನಾನು ಎಲ್ಲಿ ನಿಂತಿರಬೇಕು? ಕೈಗೆ ಕೈ ತಾಗುವಷ್ಟು ಹತ್ತಿರವೇ, ಕೋಣೆಯ ಮೂಲೆಯಲ್ಲೇ, ಕರೆದರೆ ಬರುವಷ್ಟು ದೂರದಲ್ಲೇ? ಕೋರ್ಸಿನ ಯಾವ ಹಂತದಲ್ಲಿ ಯಾವ ದರ್ಜೆ ಸಾಕು ಎಂಬುದನ್ನು ವಿದ್ಯಾರ್ಥಿನಿಗೆ ಆರಂಭದಲ್ಲೇ ಕೊಡಿ.

ತಾಯಿಯ ಮಾತಿಗೂ ಜಾಗ ಇರಲಿ. ವಿದ್ಯಾರ್ಥಿನಿ ಇಲ್ಲದಿರುವಾಗ, ಅಂಕ ಕೊಡುವವರಲ್ಲದ ಬೇರೊಬ್ಬರು ಮೂರು ಪ್ರಶ್ನೆ ಕೇಳಲಿ: ಮುಟ್ಟುವ ಮೊದಲು ಕೇಳಿದಳೇ, ಏನು ಮಾಡುತ್ತಿದ್ದಾಳೆಂದು ತಿಳಿಯುವಂತೆ ಹೇಳಿದಳೇ, ನೋವಿನಲ್ಲಿ ಒಂಟಿಯಾಗಿ ಬಿಟ್ಟಳೇ. ‘ಚೆನ್ನಾಗಿ ನೋಡಿಕೊಂಡಳೇ’ ಎಂದು ಕೇಳಿದರೆ ಹೆತ್ತ ಸಂತೋಷದಲ್ಲಿ ಎಲ್ಲರೂ ಹೌದೆನ್ನುತ್ತಾರೆ.

ಪರೀಕ್ಷಕರನ್ನೂ ಪರೀಕ್ಷಿಸಬೇಕು

ವರ್ಷಕ್ಕೊಮ್ಮೆಯಾದರೂ ಎಲ್ಲ ಪರೀಕ್ಷಕರನ್ನು ಕೂರಿಸಿ, ಒಂದೇ ವಿಡಿಯೊ ತೋರಿಸಿ, ಮಾತಿಲ್ಲದೆ ಅಂಕ ಹಾಕಿಸಿ. ಆಮೇಲೆ ಸಾಲು ಸಾಲಾಗಿ ಹೋಲಿಸಿ. ಅರ್ಧದಷ್ಟು ಜನ ಹೌದು, ಅರ್ಧ ಇಲ್ಲ ಎಂದ ಸಾಲಿನಲ್ಲಿ ಸಾಮಾನ್ಯವಾಗಿ ದೋಷವಿರುವುದು ಬರವಣಿಗೆಯಲ್ಲಿ. ತಿದ್ದಿ ಬರೆಯಿರಿ.

ಶೇಕಡಾ ಒಮ್ಮತ ನೋಡಿ ಸಮಾಧಾನಪಡಬೇಡಿ. ಇಬ್ಬರು ಪರೀಕ್ಷಕರು 20 ವಿದ್ಯಾರ್ಥಿನಿಯರನ್ನು ನೋಡಿ, ಇಬ್ಬರೂ 18 ಮಂದಿಯನ್ನು ಪಾಸ್ ಮಾಡಿದರು, ಆದರೆ ನಪಾಸ್ ಮಾಡಿದ ಇಬ್ಬಿಬ್ಬರು ಬೇರೆ ಬೇರೆಯವರು ಎಂದುಕೊಳ್ಳಿ. 16 ಮಂದಿಯಲ್ಲಿ ಒಮ್ಮತ, ಅಂದರೆ ಶೇ 80. ಆದರೆ ಇಷ್ಟು ಧಾರಾಳವಾಗಿ ಪಾಸ್ ಮಾಡುವ ಇಬ್ಬರು ಆಕಸ್ಮಿಕವಾಗಿಯೇ ಶೇ 82ರಷ್ಟು ಒಪ್ಪುತ್ತಾರೆ. ಆಕಸ್ಮಿಕ ಒಮ್ಮತವನ್ನು ಕಳೆದು ನೋಡುವ, ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಾಪಾ ಸೂತ್ರಕ್ಕೆ ಹಾಕಿದರೆ ಬರುವುದು −0.11, ಅಂದರೆ ಆಕಸ್ಮಿಕಕ್ಕಿಂತಲೂ ಕಡಿಮೆ. ಯಾರು ಅಸಮರ್ಥರು ಎಂಬ ಒಂದೇ ಮುಖ್ಯ ಪ್ರಶ್ನೆಗೆ ಇಬ್ಬರಲ್ಲೂ ಒಂದೇ ಒಂದು ಹೆಸರೂ ಕೂಡಲಿಲ್ಲ.

ಮನುಷ್ಯರ ಒಲವುಗಳೂ ಇವೆ. ಶಿಸ್ತಿನ ಯೂನಿಫಾರ್ಮ್, ಮೆಲುಮಾತು ಕಂಡರೆ ಕೈಕೆಲಸಕ್ಕೂ ಅಂಕ ಹೆಚ್ಚುತ್ತದೆ. ತುಂಬಾ ಚುರುಕಾದವಳ ನಂತರ ಬಂದವಳು ಮಂಕಾಗಿ ಕಾಣುತ್ತಾಳೆ. ಸಂದೇಹ ಬಂದಲ್ಲೆಲ್ಲ ನಡುವಿನ ಅಂಕ. ಇವಕ್ಕೆಲ್ಲ ಮದ್ದು ಒಂದೇ: ನೋಡಿದ ತಕ್ಷಣ, ವಿದ್ಯಾರ್ಥಿನಿಯೊಂದಿಗೆ ಮಾತಾಡುವ ಮೊದಲೇ, ಸಾಕ್ಷಿಯೊಂದಿಗೆ ಬರೆದುಬಿಡುವುದು. ‘ಶುಚಿತ್ವ ಸಾಲದು’ ಎಂದಲ್ಲ, ‘ಸ್ಟೆರೈಲ್ ಗ್ಲೌಸ್ ಹಾಕಿದ ಮೇಲೆ ದೀಪ ಸರಿಸಿದಳು, ಗ್ಲೌಸ್ ಬದಲಿಸಲಿಲ್ಲ’ ಎಂದು.

ಎಲ್ಲಕ್ಕಿಂತ ಕಷ್ಟದ್ದು ನಪಾಸ್ ಮಾಡುವುದು. ಕ್ಯಾಥ್ಲೀನ್ ಡಫಿ 2003ರಲ್ಲಿ ಸ್ಕಾಟ್ಲೆಂಡಿನ ನರ್ಸಿಂಗ್ ವಿದ್ಯಾರ್ಥಿಗಳ ಮೇಲ್ವಿಚಾರಕರ ಬಗ್ಗೆ ಮಾಡಿದ ಅಧ್ಯಯನದಲ್ಲಿ, ಸಂದೇಹವಿದ್ದರೂ ವಿದ್ಯಾರ್ಥಿಗಳನ್ನು ಪಾಸ್ ಮಾಡಿ ಮುಂದೆ ಕಳಿಸುವುದು ಎದ್ದು ಕಂಡಿತು. ಸಮಸ್ಯೆಯನ್ನು ತಡವಾಗಿ ಹೇಳುವುದು ಇದಕ್ಕೊಂದು ದೊಡ್ಡ ಕಾರಣ. ಕೊನೆಯ ವಾರದಲ್ಲಿ ಹೇಳಿದರೆ ತಿದ್ದಿಕೊಳ್ಳಲು ಸಮಯವಿಲ್ಲ, ಹಾಗಾಗಿ ನಪಾಸ್ ಮಾಡಲು ಮನಸ್ಸೂ ಬರುವುದಿಲ್ಲ. ಆದ್ದರಿಂದ ಪೋಸ್ಟಿಂಗ್‌ನ (ವಾರ್ಡ್ ತರಬೇತಿ ಅವಧಿಯ) ನಡುಭಾಗದಲ್ಲಿ ಬರಹದ ವಿಮರ್ಶೆ ಕಡ್ಡಾಯ ಮಾಡಿ. ಆ ಹೊತ್ತಿಗೆ ದರ್ಜೆ ಮುಟ್ಟದವಳಿಗೆ ಒಂದು ಪುಟದ ಯೋಜನೆ ಕೊಡಿ: ಯಾವ ಕೌಶಲ, ಯಾವ ಸಾಲು ತಪ್ಪುತ್ತಿದೆ, ಯಾರ ಜೊತೆ ಎಷ್ಟು ಸಲ ಅಭ್ಯಾಸ, ಮರುಪರೀಕ್ಷೆ ಯಾವ ದಿನ. ಇಬ್ಬರ ಸಹಿ, ಒಂದು ಪ್ರತಿ ಆಕೆಗೆ.

ಮರುಪರೀಕ್ಷೆಗೆ ಅದೇ ಚೆಕ್‌ಲಿಸ್ಟ್, ಬೇರೆ ಕೇಸ್, ಬೇರೆ ಪರೀಕ್ಷಕಿ. ಹಿಂದಿನ ಫಲಿತಾಂಶವನ್ನು ಹೊಸ ಪರೀಕ್ಷಕಿಗೆ ತೋರಿಸಬೇಡಿ. ಕೊನೆಯ ತೀರ್ಮಾನ ಒಬ್ಬರ ಹೆಗಲ ಮೇಲೆ ಬೀಳದಿರಲಿ. ಕನಿಷ್ಠ ಮೂವರು ಕೂತು ವಾರ್ಡಿನ ದರ್ಜೆಗಳು, ಸ್ಟೇಷನ್ ಅಂಕ, ಚಾರ್ಟ್‌ಗಳು, ತಾಯಂದಿರ ಉತ್ತರಗಳನ್ನು ಒಟ್ಟಿಗೆ ಹರಡಿಕೊಂಡು ನೋಡಲಿ. ಯಾವ ಚೌಕದಲ್ಲಿ ಸಾಕ್ಷಿಯೇ ಇಲ್ಲವೋ ಅಲ್ಲಿ ಸರಾಸರಿ ಹಾಕಿ ತುಂಬಿಸಬೇಡಿ. ಅದು ಖಾಲಿ ಎಂದೇ ಬರೆದು, ಆಕೆಗೆ ಆ ಒಂದು ಅವಕಾಶ ಒದಗಿಸಿ, ನೋಡಿದ ಮೇಲೆ ತೀರ್ಮಾನಿಸಿ.